ಬೆಳಕು ಎಲ್ಲಿಂದ ಸೋರುತ್ತಿದೆ?

ಬಿ.ಇ. ಓದುತ್ತಿರುವ ನಮಗೆ ಲ್ಯಾಬ್‌ಗೆ ಕಾಲಿಡುವ ಮೊದಲೇ ಉತ್ತರ ಗೊತ್ತಿರುತ್ತದೆ. ಸಿಲಿಕಾನ್ ಡಯೋಡ್ ಅಂದರೆ 0.7 ವೋಲ್ಟ್ ಹತ್ತಿರ ಗ್ರಾಫ್ ಮೇಲಕ್ಕೆ ಏಳಬೇಕು. ಏಳದಿದ್ದರೆ? ಯಾಕೆ ಏಳಲಿಲ್ಲ ಎಂದು ಹುಡುಕುವಷ್ಟು ಸಮಯ ಯಾರಿಗೂ ಇಲ್ಲ. ಪಕ್ಕದ ಬೆಂಚಿನವರ ರೀಡಿಂಗ್ ಇದೆ, ಸೀನಿಯರ್‌ಗಳ ರೆಕಾರ್ಡ್ ಬುಕ್ ಇದೆ, ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕುವ ವಿದ್ಯೆಯಂತೂ ಇದ್ದೇ ಇದೆ. ಬೋರ್ಡ್ ಕೆಟ್ಟಿದ್ದರೆ ಅಟೆಂಡರ್ ಬಂದು ಬೇರೆ ಬೋರ್ಡ್ ಕೊಡುತ್ತಾರೆ, ಕೆಟ್ಟದ್ದು ಬೀರುವಿಗೆ ಸೇರುತ್ತದೆ. ಆ ದಿನ ಕಲಿಯಬಹುದಾಗಿದ್ದ ಅತ್ಯುತ್ತಮ ಪಾಠವೂ ಅದರ ಜೊತೆಗೇ ಬೀರುವಿಗೆ ಸೇರುತ್ತದೆ ಎನ್ನುವುದು ನನ್ನ ಅನಿಸಿಕೆ.

ಕೆಲಸದ ಜಾಗದಲ್ಲಿ ಎಲ್ಲವೂ ಉಲ್ಟಾ. ಅಲ್ಲಿ ಸರಿಯಾಗಿ ಓಡುತ್ತಿರುವ ಯಂತ್ರದ ಬಳಿಗೆ ನಮ್ಮನ್ನು ಯಾರೂ ಕರೆಯುವುದಿಲ್ಲ. ಕ್ಯಾಂಪಸ್ ಸಂದರ್ಶನ ಮುಗಿಸಿ ಬಂದ ಸೀನಿಯರ್ ಒಬ್ಬರು ಹೇಳಿದ ಪ್ರಶ್ನೆ ಹೀಗಿತ್ತು: "ಪಂಪ್ ಸ್ಟಾರ್ಟ್ ಆಗುತ್ತಿಲ್ಲ. ಮೊದಲು ಏನು ನೋಡುತ್ತೀರಿ? ಅದನ್ನೇ ಯಾಕೆ ಮೊದಲು?" ಇಂಡಕ್ಷನ್ ಮೋಟರ್‌ನ ಇಡೀ ಪಾಠ ಬಾಯಿಪಾಠವಾಗಿದ್ದ ಅವರಿಗೆ ಮೊದಲ ಪ್ರಶ್ನೆಗೆ ಉತ್ತರ ಬಂತು, ಎರಡನೆಯದಕ್ಕೆ ಬರಲಿಲ್ಲವಂತೆ. ಸಂದರ್ಶಕರಿಗೆ ಬೇಕಾಗಿದ್ದದ್ದು ಆ ಎರಡನೆಯದೇ.

ದೋಷ ಹುಡುಕುವುದು ಒಂದು ವಿದ್ಯೆ, ಅದಕ್ಕೊಂದು ಕ್ರಮವಿದೆ, ಅದನ್ನು ಕಲಿಸಬಹುದು ಮತ್ತು ಕಲಿಸಲೇಬೇಕು ಎನ್ನುವುದು ಈ ಬರಹದ ವಾದ. ಆ ಕ್ರಮ ನನಗೆ ಸ್ಪಷ್ಟವಾಗಿದ್ದು ಯಾವ ಸೆಮಿಸ್ಟರ್‌ನಲ್ಲೂ ಅಲ್ಲ. ನನಗಿಂತ ಎರಡು ಪಟ್ಟು ವಯಸ್ಸಾದ ಒಂದು ಫಿಲ್ಮ್ ಕ್ಯಾಮೆರಾದಲ್ಲಿ, ಒಳಗೆ ಬರಬಾರದ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕುವಾಗ. ಫೋಟೊಗ್ರಫಿಯಲ್ಲಿ ಆಸಕ್ತಿ ಇಲ್ಲದವರೂ ದಯವಿಟ್ಟು ಸ್ವಲ್ಪ ಜೊತೆಗಿರಿ. ಇಲ್ಲಿ ಕ್ಯಾಮೆರಾ ಒಂದು ಉದಾಹರಣೆ, ಆದರೆ ಬಹಳ ಒಳ್ಳೆಯ ಉದಾಹರಣೆ.

ಸ್ಟುಡಿಯೊದ ಕಪ್ಪು ಪೆಟ್ಟಿಗೆ

ನಮ್ಮ ಸೋದರಮಾವ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದರು. ಡಿಜಿಟಲ್ ಬಂದ ಮೇಲೆ ಫಿಲ್ಮ್ ಕ್ಯಾಮೆರಾಗಳು ಟ್ರಂಕಿಗೆ ಸೇರಿದವು. ಅದರಲ್ಲಿ ಒಂದು ಯಾಶಿಕಾ-ಮ್ಯಾಟ್ 124ಜಿ. ಒಂದರ ಮೇಲೊಂದು ಎರಡು ಲೆನ್ಸ್ ಇರುವ, ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ. ಮೇಲಿನ ಲೆನ್ಸ್ ನೋಡಲು, ಕೆಳಗಿನದು ಚಿತ್ರ ತೆಗೆಯಲು. ಜಪಾನಿನ ಯಾಶಿಕಾ ಕಂಪನಿ ಈ ಮಾಡೆಲನ್ನು 1970ರಿಂದ 1986ರವರೆಗೆ ತಯಾರಿಸಿತು. ನಿಮ್ಮ ಅಜ್ಜ-ಅಜ್ಜಿಯ ಮದುವೆಯ ಆಲ್ಬಮ್ ಇದ್ದರೆ ತೆಗೆದು ನೋಡಿ. ಚಚ್ಚೌಕದ ಕಪ್ಪು-ಬಿಳುಪು ಫೋಟೊಗಳಿದ್ದರೆ ಅವನ್ನು ಬಹುಶಃ ಇಂಥದ್ದೇ ಒಂದು ಕ್ಯಾಮೆರಾ ತೆಗೆದಿರುತ್ತದೆ.

ಇಂಥ ಕ್ಯಾಮೆರಾಗಳಿಗೆ ಮೀಡಿಯಂ ಫಾರ್ಮ್ಯಾಟ್ ಎನ್ನುತ್ತಾರೆ. ಇವು ಬಳಸುವುದು 120 ಎಂಬ ಫಿಲ್ಮ್. ಕೊಡಾಕ್ ಕಂಪನಿ 1901ರಲ್ಲಿ ಹೊರತಂದ ಈ ಅಳತೆಯ ಫಿಲ್ಮ್ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಅಗಲ ಸುಮಾರು 6 ಸೆಂಟಿಮೀಟರ್. ಸಾಮಾನ್ಯ 35 ಎಂ.ಎಂ. ಫಿಲ್ಮ್‌ನ ಹಾಗೆ ಇದಕ್ಕೆ ಡಬ್ಬಿ ಇಲ್ಲ, ಅಂಚಿನಲ್ಲಿ ತೂತುಗಳೂ ಇಲ್ಲ. ಬೆನ್ನಿಗೆ ಒಂದು ಉದ್ದನೆಯ ಕಾಗದ, ಅದರ ಜೊತೆ ಸುರುಳಿ ಸುತ್ತಿದ ಫಿಲ್ಮ್, ಅಷ್ಟೇ. ಬೆಳಕನ್ನು ತಡೆಯುವುದು ಆ ಕಾಗದ ಮತ್ತು ಬಿಗಿಯಾಗಿ ಸುತ್ತಿದ ಸುರುಳಿ. ಚಚ್ಚೌಕದ ಚಿತ್ರವಾದರೆ ಒಂದು ರೋಲ್‌ಗೆ 12 ಫ್ರೇಮ್.

ಹನ್ನೆರಡೇ ಫ್ರೇಮ್ ಎನ್ನುವುದು ಇಲ್ಲಿ ಮುಖ್ಯ. ಒಂದು ರೋಲ್, ಅದನ್ನು ಡೆವಲಪ್ ಮಾಡಿಸುವ ಖರ್ಚು ಎಲ್ಲ ಸೇರಿದರೆ ಸಾವಿರ ರೂಪಾಯಿ ಸುಲಭವಾಗಿ ಖಾಲಿಯಾಗುತ್ತದೆ. ಫೋನಿನಲ್ಲಿ ನೂರು ಫೋಟೊ ತೆಗೆದು ತೊಂಬತ್ತೆಂಟು ಅಳಿಸುವ ನಮಗೆ, ಪ್ರತಿ ಕ್ಲಿಕ್ಕಿಗೂ ಬೆಲೆ ಇದ್ದಾಗ ಅಂದಾಜಿನ ಮೇಲೆ ಓಡುವ ಧೈರ್ಯ ಬರುವುದಿಲ್ಲ. ಯೋಚಿಸಲೇಬೇಕಾಗುತ್ತದೆ.

ಆ ಯಾಶಿಕಾದಲ್ಲಿ ನಾನು ತೆಗೆದ ಮೊದಲ ರೋಲ್‌ನಲ್ಲಿ ಎಂಟು ಚಿತ್ರಗಳ ಮೇಲ್ಭಾಗದಲ್ಲಿ, ಆಕಾಶ ಇರಬೇಕಾದ ಜಾಗದಲ್ಲಿ, ಬಿಳಿ ಹೊಗೆಯಂಥ ಪಟ್ಟಿ. ಮಾವನಿಗೆ ತೋರಿಸಿದೆ. "ಲೈಟ್ ಲೀಕ್ ಆಗ್ತಿದೆ ಕಣೋ. ಎಲ್ಲ ಸೀಲೂ ಕಿತ್ತು ಹೊಸದು ಹಾಕ್ಬಿಡು, ಮುಗೀತು" ಎಂದರು. ನಲವತ್ತು ವರ್ಷದ ಅನುಭವದ ಮಾತು, ಅದನ್ನು ತಳ್ಳಿಹಾಕುವಂತಿಲ್ಲ. "ಆದ್ರೆ ಮಾವ, ಎಲ್ಲಿಂದ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದ್ದಕ್ಕೆ ಅವರು ನಕ್ಕು ನೆಗೆಟಿವನ್ನೇ ನನ್ನ ಕೈಗಿಟ್ಟರು. "ಅದೇ ಹೇಳುತ್ತೆ, ಸರಿಯಾಗಿ ನೋಡು."

ನಿಜಕ್ಕೂ ಅದೇ ಹೇಳುತ್ತದೆ. ಆ ಭಾಷೆ ಓದಲು ಬರಬೇಕು, ಅಷ್ಟೆ.

ಮೊದಲು, ಇದು ಆ ದೋಷವೇ ಹೌದೇ?

ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಜಾಗ ಕಪ್ಪಾಗುತ್ತದೆ, ಪ್ರಿಂಟ್‌ನಲ್ಲಿ ಅದು ಬಿಳಿ. ಆದ್ದರಿಂದ ಸೋರಿಕೆ ಎಂದರೆ ನೆಗೆಟಿವ್‌ನಲ್ಲಿ ಕಪ್ಪು ಕಲೆ ಇರಲೇಬೇಕು. ನೆಗೆಟಿವ್‌ನಲ್ಲಿ ಗಾಜಿನಂತೆ ಪಾರದರ್ಶಕವಾದ ಪಟ್ಟಿ ಇದ್ದರೆ ಅಲ್ಲಿ ಬೆಳಕು ಹೆಚ್ಚಾಗಿಲ್ಲ, ಕಡಿಮೆಯಾಗಿದೆ. ಏನೋ ಅಡ್ಡ ಬಂದಿದೆ, ಅಥವಾ ಡೆವಲಪರ್ ದ್ರಾವಣ ಅಲ್ಲಿಗೆ ತಲುಪಿಲ್ಲ. ಅದಕ್ಕೆ ಸೀಲ್ ಬದಲಾಯಿಸಿ ಏನೂ ಪ್ರಯೋಜನವಿಲ್ಲ.

ಇನ್ನೊಂದು ಹತ್ತಿರದ ನೆಂಟ ಫ್ಲೇರ್. ಸೂರ್ಯನ ಕಡೆ ಲೆನ್ಸ್ ತಿರುಗಿಸಿದಾಗ ಬೆಳಕು ಗಾಜುಗಳ ನಡುವೆ ಪುಟಿದು ಮಸುಕು ಮೂಡಿಸುತ್ತದೆ. ಸೂರ್ಯನ ದಿಕ್ಕು ಬದಲಾದರೆ ಅದರ ಜಾಗವೂ ಬದಲಾಗುತ್ತದೆ, ಕೆಲವೊಮ್ಮೆ ಲೆನ್ಸ್‌ನ ಅಪರ್ಚರ್‌ನ ಆಕಾರವೇ ಚಿತ್ರದಲ್ಲಿ ಕಾಣುತ್ತದೆ. ಕ್ಯಾಮೆರಾದ ಮೈಯಲ್ಲಿರುವ ಸೋರಿಕೆಗೆ ನೀವು ಯಾವ ಕಡೆ ನಿಂತು ಚಿತ್ರ ತೆಗೆದಿರಿ ಎನ್ನುವುದರ ಹಂಗಿಲ್ಲ. ಅದರ ಜಾಗ ಸಾಮಾನ್ಯವಾಗಿ ಅದೇ.

ವೈದ್ಯರು ಜ್ವರ ಎಂದ ಕೂಡಲೇ ಮಾತ್ರೆ ಬರೆಯದೆ, ಯಾವ ಜ್ವರ ಎಂದು ಕೇಳುವುದು ಇದಕ್ಕೇ. ದೋಷಕ್ಕೆ ಹೆಸರು ಕೊಡುವ ಮೊದಲು, ಅದನ್ನೇ ಹೋಲುವ ಬೇರೆ ದೋಷಗಳನ್ನು ಪಟ್ಟಿಯಿಂದ ತೆಗೆಯಬೇಕು. ಇದು ಮೊದಲ ಪಾಠ.

ಮೂರು ಪ್ರಶ್ನೆ, ಮೂರು ಸಾಕ್ಷಿ

ಸೋರಿಕೆಯೇ ಎಂದು ಖಾತ್ರಿಯಾದ ಮೇಲೆ ಮೂರು ಪ್ರಶ್ನೆ ಕೇಳಬೇಕು.

ಒಂದು: ಕಲೆ ಫ್ರೇಮ್‌ನ ಒಳಗೇ ನಿಂತಿದೆಯೇ, ಫ್ರೇಮ್ ದಾಟಿ ಹೋಗಿದೆಯೇ? ಫಿಲ್ಮ್‌ನ ಮುಂದೆ ಒಂದು ಚೌಕಟ್ಟು ಇರುತ್ತದೆ. ಲೆನ್ಸ್ ಕಡೆಯಿಂದ ಬರುವ ಬೆಳಕು ಆ ಚೌಕಟ್ಟಿನೊಳಗೆ ಮಾತ್ರ ಬೀಳಬಲ್ಲದು. ಹಾಗಾಗಿ ಕಲೆ ಚಿತ್ರದ ಗಡಿಯಲ್ಲೇ ಕತ್ತರಿಸಿದಂತೆ ನಿಂತಿದ್ದರೆ ಕಳ್ಳ ಮುಂಭಾಗದಲ್ಲಿದ್ದಾನೆ. ಶಟರ್‌ನಲ್ಲೋ, ಲೆನ್ಸ್ ಕೂರುವ ಜಾಗದಲ್ಲೋ, ಮಡಚುವ ಕ್ಯಾಮೆರಾ ಆದರೆ ಹಾರ್ಮೋನಿಯಂ ತಿದಿಯ ಹಾಗಿರುವ ಬೆಲೋಸ್‌ನಲ್ಲೋ. ಕಲೆ ಗಡಿ ದಾಟಿ ಎರಡು ಫ್ರೇಮ್‌ಗಳ ನಡುವಿನ ಖಾಲಿ ಜಾಗಕ್ಕೂ, ಫಿಲ್ಮ್‌ನ ಅಂಚಿಗೂ ಹರಡಿದ್ದರೆ ಬೆಳಕು ಹಿಂಬಾಗಿಲಿನ ಕಡೆಯಿಂದ, ಫಿಲ್ಮ್ ಇರುವ ಕೋಣೆಗೇ ಬರುತ್ತಿದೆ. ಈ ಒಂದೇ ಪ್ರಶ್ನೆಯಿಂದ ಅರ್ಧ ಕ್ಯಾಮೆರಾ ಸಂಶಯದಿಂದ ಮುಕ್ತವಾಯಿತು.

ಎರಡು: ಕಲೆ ಯಾವ ಕಡೆಯಿಂದ ಬಂದಿದೆ? ಲೆನ್ಸ್ ಚಿತ್ರವನ್ನು ಫಿಲ್ಮ್ ಮೇಲೆ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಮೂಡಿಸುತ್ತದೆ. ಹೈಸ್ಕೂಲಿನ ವಿಜ್ಞಾನ ಪಾಠದಲ್ಲಿ ಇದನ್ನು ನಾವೆಲ್ಲ ಓದಿದ್ದೇವೆ. ಹಾಗಾದರೆ ಫೋಟೊದ ಮೇಲ್ಭಾಗದ ಕಲೆ ಕ್ಯಾಮೆರಾದ ಕೆಳಭಾಗದ ಸೋರಿಕೆ. ಫೋಟೊದ ಎಡಭಾಗದ ಕಲೆ, ಕ್ಯಾಮೆರಾವನ್ನು ಹಿಂದಿನಿಂದ ನೋಡಿದಾಗ ಬಲಭಾಗದ ಸೋರಿಕೆ. ಫೋಟೊವನ್ನು ಪೂರ್ತಿ ತಲೆಕೆಳಗು ಮಾಡಿ ಕ್ಯಾಮೆರಾದ ಹಿಂಭಾಗಕ್ಕೆ ಹಿಡಿದರೆ ಸಾಕು, ಕಲೆಯೇ ಜಾಗ ತೋರಿಸುತ್ತದೆ.

ಮೂರು: ಎಲ್ಲ ಫ್ರೇಮ್‌ನಲ್ಲೂ ಒಂದೇ ತೀವ್ರತೆಯೇ? ಚಿತ್ರ ತೆಗೆದು, ರೋಲ್ ಮುಂದಕ್ಕೆ ಸುತ್ತದೆ ಬಿಸಿಲಿನಲ್ಲಿ ಅಲೆದಿದ್ದರೆ ಆ ಜಾಗದಲ್ಲಿ ನಿಂತಿದ್ದ ಫಿಲ್ಮ್‌ಗೆ ಹೆಚ್ಚು ಬೆಳಕು ಕುಡಿಯಲು ಸಮಯ ಸಿಗುತ್ತದೆ. ಬೇಗಬೇಗ ತೆಗೆದ ಫ್ರೇಮ್‌ಗಳಲ್ಲಿ ಕಲೆ ತೆಳುವಾಗಿರುತ್ತದೆ. ಅಂದರೆ ಕಲೆಯ ದಟ್ಟಣೆ ಒಂದು ಗಡಿಯಾರವೂ ಹೌದು. ಹಾಗಿಲ್ಲದೆ ರೋಲ್‌ನ ಆರಂಭದಲ್ಲಿ ಇಲ್ಲವೇ ಕೊನೆಯಲ್ಲಿ ಮಾತ್ರ, ಫಿಲ್ಮ್‌ನ ಎರಡೂ ಅಂಚಿನಿಂದ ಒಳಕ್ಕೆ ನುಗ್ಗಿದಂತೆ ಕಲೆಗಳಿದ್ದರೆ ಕ್ಯಾಮೆರಾ ನಿರಪರಾಧಿ ಆಗಿರುವ ಸಾಧ್ಯತೆ ಹೆಚ್ಚು. ಸುರುಳಿ ಸಡಿಲವಾಗಿ, ಕ್ಯಾಮೆರಾದಿಂದ ಹೊರತೆಗೆದ ಮೇಲೆ ಕಾಗದದ ಅಂಚಿನಿಂದ ಬೆಳಕು ನುಸುಳಿದೆ. ಇದಕ್ಕೆ ಔಷಧ ಸೀಲ್ ಅಲ್ಲ. ರೋಲನ್ನು ನೆರಳಿನಲ್ಲಿ ಹಾಕಿ ನೆರಳಿನಲ್ಲಿ ತೆಗೆಯುವುದು, ತಿರುಗುವ ಸ್ಪೂಲ್‌ಗೆ ಬೇಕಾದ ಬಿಗಿ ಇದೆಯೇ ಎಂದು ನೋಡುವುದು.

ನನ್ನ ನೆಗೆಟಿವ್‌ನಲ್ಲಿ ಕಪ್ಪು ಕಲೆ ಫ್ರೇಮ್‌ನ ಗಡಿ ದಾಟಿತ್ತು. ಅಂದರೆ ಹಿಂಭಾಗ. ಫೋಟೊದ ಮೇಲ್ಭಾಗದಲ್ಲಿತ್ತು. ಅಂದರೆ ಕ್ಯಾಮೆರಾದ ಕೆಳಭಾಗ. ಹಳೇಬೀಡಿನ ದೇವಸ್ಥಾನದ ಆವರಣದಲ್ಲಿ ಬಹಳ ಹೊತ್ತು ಬಿಸಿಲಿನಲ್ಲಿ ಸುತ್ತಾಡಿದಾಗ ಒಳಗಿದ್ದ ಫ್ರೇಮ್‌ನಲ್ಲಿ ಅತಿ ದಟ್ಟ. ಈ ಕ್ಯಾಮೆರಾದ ಹಿಂಬಾಗಿಲಿನ ಕೀಲು ಮೇಲಿದೆ, ಚಿಲಕ ತಳದಲ್ಲಿದೆ. ಸಂಶಯ ಚಿಲಕದ ಬಳಿಯ ಸೀಲ್ ಮೇಲೆ ಬಂತು.

ಸಂಶಯ ಬೇರೆ, ರುಜುವಾತು ಬೇರೆ

ಇಲ್ಲಿಗೇ ನಿಲ್ಲಿಸಿ ಸೀಲ್ ಹಾಕಬಹುದಿತ್ತು. ಆದರೆ ಸಂಶಯವನ್ನು ಪರೀಕ್ಷಿಸುವ ದಾರಿ ಇದ್ದಾಗ ಅದನ್ನು ಬಿಡುವುದು ಸರಿಯಲ್ಲ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದೊಳಗೆ ಸಣ್ಣ ಟಾರ್ಚ್ ಇಟ್ಟು ಹೊರಗಿನಿಂದ ನೋಡುವುದು ಎಲ್ಲರೂ ಹೇಳುವ ವಿಧಾನ. ಬೆಲೋಸ್‌ನ ಸೂಜಿತೂತುಗಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಮಡಿಕೆಯ ಮೂಲೆಗಳಲ್ಲಿ ನಕ್ಷತ್ರಗಳಂತೆ ಮಿನುಗುತ್ತವೆ. ಆದರೆ ಬಾಗಿಲಿನ ಅಂಚಿನಲ್ಲಿ ಬೆಳಕು ನೇರವಾಗಿ ಬರುವುದಿಲ್ಲ, ಅಂಕುಡೊಂಕು ದಾರಿಯಲ್ಲಿ ಪುಟಿಯುತ್ತಾ ಬರುತ್ತದೆ. ಕಣ್ಣಿಗೆ ಕಾಣದ ಅಷ್ಟು ಬೆಳಕನ್ನೂ ಫಿಲ್ಮ್ ನಿಮಿಷಗಟ್ಟಲೆ ಕೂಡಿಸಿಕೊಳ್ಳುತ್ತದೆ. ಟಾರ್ಚ್‌ನಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಏನೂ ಇಲ್ಲ ಎಂದಾಗುವುದಿಲ್ಲ.

ಆದ್ದರಿಂದ ಫಿಲ್ಮ್‌ನಿಂದಲೇ ಉತ್ತರ ಕೇಳಬೇಕು. ಅವಧಿ ಮೀರಿದ ಒಂದು ಕಪ್ಪು-ಬಿಳುಪು ರೋಲ್ ಮಾವನ ಹತ್ತಿರ ಇತ್ತು. ಲೆನ್ಸ್‌ಗೆ ಮುಚ್ಚಳ ಹಾಕಿಯೇ ಇಡೀ ಪರೀಕ್ಷೆ. ಮೊದಲ ಫ್ರೇಮ್ ಕಪ್ಪು ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ. ಮುಂದಿನದು ಏನೂ ಅಂಟಿಸದೆ ಬಿಸಿಲಿನಲ್ಲಿ ಐದು ನಿಮಿಷ. ಆಮೇಲೆ ಚಿಲಕದ ಕಡೆಗೆ ಮಾತ್ರ ಕಪ್ಪು ಟೇಪ್. ಆಮೇಲೆ ಕೀಲಿನ ಕಡೆಗೆ ಮಾತ್ರ. ಆಮೇಲೆ ಎರಡು ಪಕ್ಕಕ್ಕೆ ಮಾತ್ರ. ಕೊನೆಯದಾಗಿ ಮುಂಭಾಗಕ್ಕೆ ಮಾತ್ರ ಕಪ್ಪು ಬಟ್ಟೆ. ಎಲ್ಲದಕ್ಕೂ ಅದೇ ಬಿಸಿಲು, ಅದೇ ಐದು ನಿಮಿಷ, ಪ್ರತಿ ಸಲವೂ ಕ್ಯಾಮೆರಾದ ಎಲ್ಲ ಮೈಗೂ ಬಿಸಿಲು ತಾಗುವಂತೆ ತಿರುಗಿಸುವುದು. ಸರದಿಯಲ್ಲಿ ಕಾಯುತ್ತಿರುವ ಮುಂದಿನ ಫ್ರೇಮ್‌ಗೂ ಬೆಳಕು ತಾಗಬಹುದಾದ್ದರಿಂದ ಒಂದು ಬಿಟ್ಟು ಒಂದು ಫ್ರೇಮ್ ಬಳಸಬೇಕು. ಆರು ಪರೀಕ್ಷೆಗೆ ಹನ್ನೆರಡು ಫ್ರೇಮ್, ಲೆಕ್ಕ ಸರಿಹೋಯಿತು.

ಡೆವಲಪ್ ಮಾಡಿ ನೋಡಿದರೆ, ಬಟ್ಟೆಯಲ್ಲಿ ಸುತ್ತಿದ್ದದ್ದು ಮತ್ತು ಚಿಲಕಕ್ಕೆ ಟೇಪ್ ಹಾಕಿದ್ದದ್ದು ಎರಡೇ ಸ್ವಚ್ಛ. ಉಳಿದ ನಾಲ್ಕರಲ್ಲೂ ಅದೇ ಜಾಗದಲ್ಲಿ ಅದೇ ಕಲೆ. ಈಗ ಅದು ಸಂಶಯವಾಗಿ ಉಳಿಯಲಿಲ್ಲ.

ಗಮನಿಸಿ, ಇದರಲ್ಲಿ ನಮ್ಮ ಪಠ್ಯದಲ್ಲಿಲ್ಲದ ಯಾವ ದೊಡ್ಡ ವಿದ್ಯೆಯೂ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಹೋಲಿಸಲು ಒಂದು ಆಧಾರ ಇಟ್ಟುಕೋ. ಒಂದು ಪರೀಕ್ಷೆಯ ಪರಿಣಾಮ ಇನ್ನೊಂದಕ್ಕೆ ತಾಗದಂತೆ ನೋಡಿಕೋ. ಇಷ್ಟನ್ನು ನಾವು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತೇವೆ. ಕೈಯಲ್ಲಿ ಮಾಡುವ ಸಂದರ್ಭ ಮಾತ್ರ ನಾಲ್ಕು ವರ್ಷದಲ್ಲಿ ಬರುವುದೇ ಅಪರೂಪ.

ರಿಪೇರಿ ಸುಲಭ, ಅವಸರ ಕೂಡದು

ಆ ಕಾಲದ ಕ್ಯಾಮೆರಾಗಳ ಬಾಗಿಲಿನ ಅಂಚಿಗೆ ಪಾಲಿಯುರೆಥೇನ್ ಫೋಮ್ ಪಟ್ಟಿ ಅಂಟಿಸಿರುತ್ತಾರೆ. ಹೊಸದರಲ್ಲಿ ಸ್ಪಂಜಿನ ಹಾಗೆ ಒತ್ತಿಕೊಂಡು ಸಂದು ಮುಚ್ಚುತ್ತದೆ. ವರ್ಷ ಕಳೆದಂತೆ ಗಾಳಿಯ ತೇವದ ಜೊತೆ ರಾಸಾಯನಿಕ ಕ್ರಿಯೆ ನಡೆದು ಆ ವಸ್ತುವೇ ಒಡೆಯುತ್ತದೆ. ಮೊದಲು ಪುಡಿ, ಇಲ್ಲವೇ ಡಾಂಬರಿನಂಥ ಅಂಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಟ್ರಂಕಿನೊಳಗೆ ಕುಳಿತ ಕ್ಯಾಮೆರಾದ ಗತಿ ಊಹಿಸಿಕೊಳ್ಳಿ.

ಹಳೆಯದನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ, ಮರದ ಹಲ್ಲುಕಡ್ಡಿ ಸಾಕು. ಚಾಕು, ಸ್ಕ್ರೂಡ್ರೈವರ್ ಬೇಡ, ಕಪ್ಪು ಬಣ್ಣ ಕಿತ್ತುಹೋದರೆ ಬರಿಯ ಲೋಹ ಹೊಳೆದು ಅದೇ ಹೊಸ ತೊಂದರೆ. ಕೊಳೆತ ಫೋಮ್‌ನ ಚೂರು ಲೆನ್ಸ್ ಕಡೆಗೆ ಬೀಳದಂತೆ ಒಳಗೆ ಕಾಗದ ಅಡ್ಡ ಇಡಬೇಕು. ಹೊಸ ಫೋಮ್‌ನ ದಪ್ಪ ಬಹಳ ಮುಖ್ಯ. ತೆಳುವಾದರೆ ಸಂದು ಮುಚ್ಚುವುದಿಲ್ಲ, ದಪ್ಪವಾದರೆ ಬಾಗಿಲು ಹಾಕಲು ಒತ್ತಬೇಕಾಗಿ ಚಿಲಕ ಸವೆಯುತ್ತದೆ. ಹಳೆಯ ಪಟ್ಟಿಯ ಉಳಿದ ತುಂಡನ್ನು ಅಳೆದು, ಅದೇ ದಪ್ಪದ್ದನ್ನು ಹುಡುಕುವುದು ಜಾಣತನ. ಕಿರಿದಾದ ಕಾಲುವೆಗಳಿಗೆ ಕಪ್ಪು ಉಲ್ಲನ್ ದಾರ ಕೂರಿಸುವವರೂ ಇದ್ದಾರೆ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಚಿಲಕದ ಬಳಿಯ ಸೀಲ್ ಕೊಳೆತಿದೆ ಎಂದರೆ ಅದೇ ದಿನ ಅಂಟಿಸಿದ ಕೀಲಿನ ಸೀಲ್ ಇನ್ನೆಷ್ಟು ದಿನ ಬಂದೀತು? ಹಾಗಾಗಿ ನಾನೂ ಎಲ್ಲವನ್ನೂ ಬದಲಾಯಿಸಿದೆ. ಮಾವನ ಸಲಹೆ ಸರಿಯೇ ಆಗಿತ್ತು. ಆದರೆ ಅದು ಈ ಕ್ಯಾಮೆರಾಕ್ಕೆ ಸರಿ ಎಂದು ಪರೀಕ್ಷೆಯ ನಂತರ ಗೊತ್ತಾಯಿತು. ದೋಷ ಮುಂಭಾಗದಲ್ಲಿದ್ದಿದ್ದರೆ ಅಷ್ಟೂ ಹೊಸ ಫೋಮ್ ಹಾಕಿದ ಮೇಲೂ ಬಿಳಿ ಪಟ್ಟಿ ಹಾಗೇ ಉಳಿಯುತ್ತಿತ್ತು. ಸೀಲ್ ಹಾಕಿದ ಮೇಲೆ ಮತ್ತೆ ಬಿಸಿಲಿನ ಪರೀಕ್ಷೆ ಮಾಡಿ, ಕಲೆ ಇಲ್ಲ ಎಂದು ನೋಡಿದ ನಂತರವೇ ರಿಪೇರಿ ಮುಗಿಯಿತು ಎನ್ನಬೇಕು. ನಮ್ಮ ಊರಿನ ಒಳ್ಳೆಯ ಮೆಕ್ಯಾನಿಕ್‌ಗಳೂ ಗಾಡಿ ಕೊಡುವ ಮೊದಲು ಒಂದು ರೌಂಡ್ ಹೊಡೆದು ಬರುವುದು ಇದಕ್ಕೇ.

ಪ್ರತಿ ಕ್ಯಾಮೆರಾಕ್ಕೂ ಅದರದೇ ಜಾಯಮಾನ ಇದೆ. ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್‌ನಲ್ಲಿ ಫಿಲ್ಮ್ ಇರುವ ಭಾಗವನ್ನು ಮಧ್ಯದಲ್ಲೇ ಬಿಚ್ಚಿ ಬದಲಾಯಿಸಬಹುದು. ಅದಕ್ಕಾಗಿ ಒಂದು ಲೋಹದ ತಗಡನ್ನು ಅಡ್ಡ ತೂರಿಸುತ್ತಾರೆ. ಸಾವಿರ ಸಲ ಹಾಕಿ ತೆಗೆದು ಆ ಸಂದಿನ ಸೀಲ್ ಸವೆದರೆ, ಫ್ರೇಮ್‌ನ ಒಂದೇ ಪಕ್ಕದಿಂದ ಕಲೆ ಬರುತ್ತದೆ. ಮಡಚುವ ಹಳೆಯ ಅಗ್ಫಾ ಐಸೊಲೆಟ್‌ಗಳಲ್ಲಿ ಬೆಲೋಸ್‌ನ ಮೂಲೆಗಳೇ ದುರ್ಬಲ. ಹಿಂಭಾಗದಲ್ಲಿ ಕೆಂಪು ಕಿಟಕಿ ಇರುವ ಕ್ಯಾಮೆರಾಗಳದ್ದು ಇನ್ನೊಂದು ಕಥೆ. ಕೆಂಪು ಬೆಳಕು ತಾಗದ ಫಿಲ್ಮ್ ಬಳಕೆಯಲ್ಲಿದ್ದ ಕಾಲದ ಏರ್ಪಾಡು ಅದು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಇಂದಿನ ಫಿಲ್ಮ್‌ಗೆ ಆ ಕೆಂಪು ಗಾಜು ಪೂರ್ತಿ ರಕ್ಷಣೆ ಕೊಡದು, ಉಳಿಯುವುದು ಬೆನ್ನಿನ ಕಾಗದದ ಆಸರೆ ಮಾತ್ರ. ನಮ್ಮ ದೇಶದಲ್ಲೇ ತಯಾರಾಗಿ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಆಗಿದ್ದ ಅಗ್ಫಾ ಕ್ಲಿಕ್-3ರಲ್ಲೂ ಅಂಥ ಕಿಟಕಿ ಇತ್ತು. ರಚನೆ ಬೇರೆಯಾದರೂ ಕೇಳಬೇಕಾದ ಮೂರು ಪ್ರಶ್ನೆಗಳು ಬದಲಾಗುವುದಿಲ್ಲ.

"ಲೀಕ್ ಇದ್ದರೇ ಚೆನ್ನ" ಎನ್ನುವವರಿಗೆ

ಗೆಳೆಯರ ಗುಂಪಿನಲ್ಲಿ ಇದನ್ನು ಹೇಳಿದಾಗ ಬಂದ ಮೊದಲ ಮಾತು: "ಅದನ್ಯಾಕೆ ಸರಿ ಮಾಡ್ದೆ? ಸೂಪರ್ ಆಗಿತ್ತಲ್ಲ!" ತಪ್ಪಿಲ್ಲ. ಫೋಟೊ ಆ್ಯಪ್‌ಗಳಲ್ಲಿ ಲೈಟ್ ಲೀಕ್ ಎಂಬ ಹೆಸರಿನ ಫಿಲ್ಟರ್‌ಗಳೇ ಇವೆ. ಹಾಂಗ್‌ಕಾಂಗ್‌ನಲ್ಲಿ 1980ರ ದಶಕದಲ್ಲಿ ಶುರುವಾದ ಹೋಲ್ಗಾ ಎಂಬ ಪ್ಲಾಸ್ಟಿಕ್ ಕ್ಯಾಮೆರಾಕ್ಕೆ ಅದರ ಸೋರಿಕೆಯಿಂದಲೇ ಅಭಿಮಾನಿಗಳಿದ್ದಾರೆ. ಸೋರಿದ ಬೆಳಕು ಸುಂದರವಾಗಿರಬಹುದು, ನಾನೂ ಒಪ್ಪುತ್ತೇನೆ.

ಆದರೆ ಬೇಕೆಂದಾಗ ಬರುವುದು, ಬೇಡವೆಂದಾಗ ನಿಲ್ಲುವುದು ನಮ್ಮ ಕೈಯಲ್ಲಿದ್ದರೆ ಅದು ಆಯ್ಕೆ. ನಿಲ್ಲಿಸಲು ಬಾರದ್ದಕ್ಕೆ ಸ್ಟೈಲ್ ಎಂದು ಹೆಸರಿಟ್ಟರೆ ಅದು ಸಮಾಧಾನ ಮಾತ್ರ. ಮಾವ ಮದುವೆ ಫೋಟೊ ತೆಗೆಯುತ್ತಿದ್ದ ಕಾಲದಲ್ಲಿ ಧಾರೆಯ ಫ್ರೇಮ್ ಮೇಲೆ ಬಿಳಿ ಪಟ್ಟಿ ಬಂದಿದ್ದರೆ ಹೆಣ್ಣಿನ ತಂದೆಗೆ ಸ್ಟೈಲ್ ಎಂದು ಹೇಳಲಾಗುತ್ತಿತ್ತೇ? ಆ ಮುಹೂರ್ತ ಮತ್ತೆ ಬರುವುದಿಲ್ಲ. ಎಂಜಿನಿಯರ್ ಆಗುವವರ ಕೆಲಸವೂ ಸ್ಟುಡಿಯೊದವರ ಹಾಗೆಯೇ. ನಮ್ಮ ಸರ್ಕ್ಯೂಟ್, ನಮ್ಮ ಸೇತುವೆ, ನಮ್ಮ ಸಾಫ್ಟ್‌ವೇರ್ ಮೇಲೆ ಬೇರೆ ಯಾರದೋ ಮುಹೂರ್ತ ನಿಂತಿರುತ್ತದೆ.

ಎರಡನೇ ಆಕ್ಷೇಪ ದುಡ್ಡಿನದ್ದು. "ಫಿಲ್ಮ್ ಎಲ್ಲ ಶ್ರೀಮಂತರ ಹವ್ಯಾಸ." ಇದರಲ್ಲಿ ಸತ್ಯವಿದೆ. ಇಂದಿನ ದರದಲ್ಲಿ ವಿದ್ಯಾರ್ಥಿಯೊಬ್ಬ ತಿಂಗಳಿಗೊಂದು ರೋಲ್ ಕೊಳ್ಳುವುದೂ ಕಷ್ಟ. ಊಟಿಯಲ್ಲಿ 1960ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ದೇಶೀ ಫಿಲ್ಮ್ ತಯಾರಿಸುತ್ತಿತ್ತು. ಅದೂ ಈಗಿಲ್ಲ, ಬರುವುದೆಲ್ಲ ಹೊರದೇಶದ್ದು. ಹಾಗಾಗಿ ಎಲ್ಲರೂ ಫಿಲ್ಮ್ ಕ್ಯಾಮೆರಾ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕ್ರಮ ಕಲಿಯಲು ಕ್ಯಾಮೆರಾ ಬೇಕಿಲ್ಲ. ಹಾಸ್ಟೆಲ್‌ನಲ್ಲಿ ಪದೇಪದೇ ಟ್ರಿಪ್ ಆಗುವ ಸ್ವಿಚ್ಚು, ಮನೆಯಲ್ಲಿ ರಾತ್ರಿಯಷ್ಟೇ ಖಾಲಿಯಾಗುವ ಓವರ್‌ಹೆಡ್ ಟ್ಯಾಂಕ್, ನಿನ್ನೆವರೆಗೆ ಓಡಿ ಇವತ್ತು ನಿಂತ ಪ್ರಾಜೆಕ್ಟ್ ಕೋಡ್. ಎಲ್ಲಕ್ಕೂ ಅದೇ ಪ್ರಶ್ನೆ: ಎಲ್ಲಿ, ಯಾವಾಗ, ಎಷ್ಟು? ಯಾವುದನ್ನು ಪಟ್ಟಿಯಿಂದ ತೆಗೆಯಬಹುದು? ಒಂದೇ ಒಂದನ್ನು ಬದಲಾಯಿಸಿದರೆ ಏನಾಗುತ್ತದೆ?

ಲ್ಯಾಬ್‌ನಲ್ಲಿ ಏನು ಮಾಡಬಹುದು?

ಒಂದೊಂದು ಬ್ಯಾಚ್‌ನಲ್ಲಿ ಇಷ್ಟೊಂದು ವಿದ್ಯಾರ್ಥಿಗಳು, ಮುಗಿಸಬೇಕಾದ ಸಿಲೆಬಸ್ ಬೆಟ್ಟದಷ್ಟು, ಇದಕ್ಕೆಲ್ಲ ಸಮಯವೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಅವರ ಕಷ್ಟವೂ ನಿಜ. ನನ್ನ ಬೇಡಿಕೆ ಚಿಕ್ಕದು. ಒಂದು ಸೆಮಿಸ್ಟರ್‌ನ ಪ್ರಯೋಗಗಳಲ್ಲಿ ಎರಡನ್ನು ಮಾತ್ರ ಬೇಕೆಂದೇ ದೋಷವಿಟ್ಟ ಬೋರ್ಡ್‌ನಲ್ಲಿ ಮಾಡಿಸಿ. ಬೀರುವಿನಲ್ಲಿ ಕುಳಿತಿರುವ ಕೆಟ್ಟ ಬೋರ್ಡ್‌ಗಳೇ ಆಗಬಹುದು, ಹೊಸ ಖರ್ಚೂ ಇಲ್ಲ. ಉತ್ತರಕ್ಕೆ ಕಡಿಮೆ ಅಂಕ, ಹುಡುಕಿದ ದಾರಿಗೆ ಹೆಚ್ಚು ಅಂಕ. ಮೊದಲು ಏನು ಪರೀಕ್ಷಿಸಿದೆ, ಯಾಕೆ ಅದನ್ನೇ, ಅದರಿಂದ ಏನು ಪಟ್ಟಿಯಿಂದ ಹೋಯಿತು ಎಂದು ರೆಕಾರ್ಡ್ ಬುಕ್‌ನಲ್ಲಿ ಬರೆಯಲಿ. ಅಂಥ ರೆಕಾರ್ಡನ್ನು ಸೀನಿಯರ್‌ನಿಂದ ತಂದು ನಕಲು ಮಾಡಲು ಆಗುವುದಿಲ್ಲ. ಪ್ರತಿ ಬೋರ್ಡ್‌ನ ಕಾಯಿಲೆಯೂ ಬೇರೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಸಣ್ಣ ರಿಪೇರಿ ಅಂಗಡಿಗಳಲ್ಲಿ ನಮ್ಮದೇ ವಯಸ್ಸಿನ ಹುಡುಗರು ಮಲ್ಟಿಮೀಟರ್ ಹಿಡಿದು ಕುಳಿತಿರುವುದನ್ನು ಸುಮ್ಮನೆ ನಿಂತು ನೋಡಿ. ಬೋರ್ಡ್‌ನ ಅರ್ಧ ಭಾಗ ಸರಿಯಿದೆ ಎಂದು ಒಂದೆರಡು ಕಡೆ ಮುಟ್ಟಿ ತೀರ್ಮಾನಿಸಿ, ಉಳಿದ ಅರ್ಧಕ್ಕೆ ಹೋಗುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ನಮ್ಮ ಡಿಗ್ರಿ ಇಲ್ಲ. ಆ ಸೀನಿಯರ್‌ಗೆ ಸಂದರ್ಶನದಲ್ಲಿ ಕೇಳಿದ ಎರಡನೇ ಪ್ರಶ್ನೆಗೆ ಅವರಲ್ಲಿ ಉತ್ತರ ಇದೆ. ನಮ್ಮ ಥಿಯರಿಯ ಜೊತೆ ಅವರ ಕ್ರಮ ಸೇರಿದರೆ ಎಂಥ ಎಂಜಿನಿಯರ್‌ಗಳು ಹೊರಬರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ.

ಕಾಲೇಜು ಬದಲಾಗುವವರೆಗೆ ಕಾಯಬೇಕಿಲ್ಲ. ಈ ವಾರ ನಿಮ್ಮ ಮನೆಯಲ್ಲೋ ರೂಮಿನಲ್ಲೋ ಏನಾದರೂ ಕೆಟ್ಟರೆ, ಹೊಸದನ್ನು ಆರ್ಡರ್ ಮಾಡುವ ಮೊದಲು, ಗೆಳೆಯರ ಸಲಹೆ ಕೇಳುವ ಮೊದಲು, ಒಂದು ಹಾಳೆ ತೆಗೆದುಕೊಳ್ಳಿ. ದೋಷ ಎಲ್ಲಿ ಕಾಣುತ್ತದೆ, ಯಾವಾಗ ಕಾಣುತ್ತದೆ, ಯಾವಾಗ ಕಾಣುವುದಿಲ್ಲ ಎಂದು ಬರೆಯಿರಿ. ಇದಕ್ಕೆ ಕಾರಣವಾಗಿರಬಹುದಾದ ನಾಲ್ಕು ಸಂಗತಿ ಬರೆದು, ಅವುಗಳಲ್ಲಿ ಎರಡನ್ನು ಅಳಿಸಬಲ್ಲ ಒಂದು ಪರೀಕ್ಷೆ ಯೋಚಿಸಿ. ಕರೆಂಟಿನ ವಿಷಯವಾದರೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಗೊತ್ತಿರುವವರನ್ನು ಜೊತೆಗಿಟ್ಟುಕೊಳ್ಳಿ. ಕೊನೆಗೆ ವಸ್ತು ಸರಿಯಾಗದೆ ಇರಬಹುದು. ಆದರೆ ಆ ಹಾಳೆಯನ್ನು ಎತ್ತಿಡಿ. ನಾಳೆ ಸಂದರ್ಶನದಲ್ಲಿ "ಅದನ್ನೇ ಯಾಕೆ ಮೊದಲು ನೋಡಿದಿರಿ?" ಎಂದು ಕೇಳಿದಾಗ, ಹೇಳಲು ನಿಮ್ಮದೇ ಒಂದು ಉತ್ತರ ಅದರಲ್ಲಿರುತ್ತದೆ.